ಕೈಬಂದೂಕು ಮತ್ತು ಅದರ ಒಡೆಯ: ಮುಡಬಿಯ ಎರಡು ಫಲಕಗಳ ನೆಪದಲ್ಲಿ ಒಂದು ವಿಚಾರ

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲೂಕಿನ ಮುಡಬಿಯಲ್ಲಿ ಹಳೆಯ ಕಾಗದಪತ್ರಗಳನ್ನು ಹುಡುಕುತ್ತ ನಾವು ಅಲೆಯುತ್ತಿದ್ದಾಗ ಒಂದು ಮನೆಯವರು ಹತ್ತಿಯ ಬಟ್ಟೆಯ ಗಂಟೊಂದನ್ನು ತಂದು ನಮ್ಮೆದುರು ಬಿಚ್ಚಿದರು. ನಾವು ಬಯಸಿದ್ದು ಜಹಗೀರಿನ ಕಾಲದ ಸನದುಗಳನ್ನು. ಗಂಟಿನಲ್ಲಿದ್ದುದು ಬಿರುಕುಬಿಟ್ಟ ಒಂದು ಚರ್ಮದ ಚೀಲ ಮತ್ತು ಅಂಗೈಯಲ್ಲಿ ಅಡಗುವಷ್ಟು ಚಿಕ್ಕವಾದ ಎರಡು ಕಪ್ಪು ಫಲಕಗಳು. ಫಲಕಗಳ ಮೇಲೆ ಹೆಣಿಗೆಯಂತೆ ಕೊರೆದ ಗೆರೆಗಳಿದ್ದವು. ತಿರುಪುಮೊಳೆ ಕೂರಲೆಂದು ಒಂದೊಂದು ತೂತಿತ್ತು. ಇಂಗ್ಲೆಂಡಿನಲ್ಲಿ ತಯಾರಾದ ಉಕ್ಕಿನ ದೊಡ್ಡ ರಿವಾಲ್ವರುಗಳ ಹಿಡಿಗೆ ಎರಡು ಮಗ್ಗುಲಲ್ಲಿ ಇಂಥ ಗಟ್ಟಿರಬ್ಬರಿನ ಫಲಕಗಳನ್ನು ಕೂಡಿಸುತ್ತಿದ್ದರು. ಚೀಲವಿದೆ, ಹಿಡಿಯ ಫಲಕಗಳಿವೆ. ರಿವಾಲ್ವರು ಮಾತ್ರ ಇಲ್ಲ.

ಮನೆಯವರು ಹೇಳಿದ ಸಂಗತಿ ಇಷ್ಟು. ಅವರ ಹಿರಿಯರೊಬ್ಬರು ಪರಊರಿನಿಂದ ತರಿಸಿದ ರಿವಾಲ್ವರಿನ ಹಿಡಿ ಅವರ ಕೈಗೆ ಸರಿಹೋಗಲಿಲ್ಲ. ಬೇಸಗೆಯಲ್ಲಿ ಬೆವರಿಗೆ ಜಾರುತ್ತಿತ್ತಂತೆ. ಅವರು ಊರ ಬಡಿಗನನ್ನು ಕರೆಸಿ, ತಮ್ಮ ಬೆರಳುಗಳ ಅಳತೆ ಕೊಟ್ಟು, ಶೀಸಂ ಮರದಲ್ಲಿ ಬೇರೆ ಫಲಕಗಳನ್ನು ಮಾಡಿಸಿ ಕೂಡಿಸಿಕೊಂಡರು. 1948ರಲ್ಲಿ ಆಯುಧಗಳನ್ನು ಒಪ್ಪಿಸಬೇಕಾಗಿ ಬಂದಾಗ ರಿವಾಲ್ವರು ಆ ಮರದ ಫಲಕಗಳೊಡನೆಯೇ ಹೋಯಿತು. ಬಿಚ್ಚಿಟ್ಟಿದ್ದ ಮೂಲದ ಫಲಕಗಳು ಪೆಟ್ಟಿಗೆಯಲ್ಲಿ ಉಳಿದವು. ಈ ಮಾತಿಗೆ ಬರಹದ ಸಾಕ್ಷ್ಯವೇನೂ ಇಲ್ಲ. ಕುಟುಂಬದ ನೆನಪಿನಲ್ಲಿ ವರ್ಷಗಳು ಹಿಂದುಮುಂದಾಗುವುದು ಸಹಜವೆಂಬುದೂ ನಮಗೆ ತಿಳಿದಿದೆ. ಆದರೆ ಫಲಕಗಳು ಸುಳ್ಳು ಹೇಳಲಾರವು. ಹಿಡಿಯಿಂದ ಅವನ್ನು ಯಾರೋ ಬುದ್ಧಿಪೂರ್ವಕವಾಗಿ ಬಿಚ್ಚಿದ್ದಾರೆ, ಎಸೆಯದೆ ಜೋಪಾನವಾಗಿ ಇಟ್ಟಿದ್ದಾರೆ.

ಆಯುಧಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕೋಟೆಯ ಫಿರಂಗಿಗಳನ್ನೋ ಸೈನ್ಯದ ಕೋವಿಗಳನ್ನೋ ಕುರಿತು ಬರೆಯುತ್ತಾರೆ. ಬಸವಕಲ್ಯಾಣದ ಕೋಟೆಗೆ ಹೋದವರಿಗೂ ಮೊದಲು ಕಣ್ಣಿಗೆ ಬೀಳುವುದು ಬುರುಜಿನ ಮೇಲಿನ ತೋಪುಗಳೇ. ತೋಪು ರಾಜ್ಯಕ್ಕೆ ಸೇರಿದ್ದು; ಅದಕ್ಕೆ ಒಬ್ಬ ಒಡೆಯನಿಲ್ಲ. ಸಿಪಾಯಿಯ ಕೋವಿ ಇಂದು ಒಬ್ಬನ ಹೆಗಲಲ್ಲಿದ್ದರೆ ನಾಳೆ ಇನ್ನೊಬ್ಬನ ಹೆಗಲಲ್ಲಿರುತ್ತದೆ. ಕೈಬಂದೂಕಿನ ಸ್ಥಿತಿ ಬೇರೆ. ಅದು ಒಬ್ಬನ ಒಂದು ಕೈಯಲ್ಲಿ ಹಿಡಿಯುವಂಥದು, ಅವನ ಸೊಂಟದಲ್ಲಿ ಇರುವಂಥದು. ಆದಕಾರಣ ಕತ್ತಿಯ ಹಾಗೆಯೇ ಅದು ಒಡೆಯನ ಮೈಯ ಅಳತೆಗೂ ಮನಸ್ಸಿನ ಇಚ್ಛೆಗೂ ಒಗ್ಗಿಕೊಳ್ಳುತ್ತ ಬಂದಿದೆ. ಕೈಬಂದೂಕಿನ ಮೇಲೆ ಗುರುತು ಹಾಕುವ ಹಕ್ಕು ಯಾರದು, ಒಡೆಯನದೋ ಸರಕಾರದ್ದೋ ಎಂಬ ಪ್ರಶ್ನೆಯನ್ನು ಹಿಡಿದು ನೋಡಿದರೆ ನಮ್ಮ ನಾಡಿನ ಎರಡು ಶತಮಾನಗಳ ಚರಿತ್ರೆಯ ಒಂದು ಎಳೆ ಸಿಗುತ್ತದೆ ಎಂದು ನಮಗೆ ತೋರುತ್ತದೆ.

ಈ ಎಳೆಯ ತುದಿ ಇರುವುದು ಶ್ರೀರಂಗಪಟ್ಟಣದಲ್ಲಿ. ಟಿಪ್ಪುಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಕೋವಿ, ಪಿಸ್ತೂಲುಗಳನ್ನು ರಾಬಿನ್ ವಿಗಿಂಗ್ಟನ್ ಎಂಬ ಸಂಗ್ರಾಹಕರು ಬಹುಕಾಲ ಅಭ್ಯಾಸಮಾಡಿ 1992ರಲ್ಲಿ ಅವುಗಳನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದರು. ಈ ಆಯುಧಗಳಲ್ಲಿ ಮೊದಲು ಎದ್ದುಕಾಣುವುದು ಹುಲಿ. ಹುಲಿಯ ಮೈಮೇಲಿನ ಪಟ್ಟೆಯನ್ನು ಹೋಲುವ, ಬುಬ್ರಿ ಎಂದು ಕರೆಯುವ ಅಲಂಕಾರ ಟಿಪ್ಪುವಿನ ಉಡುಪು, ಸಿಂಹಾಸನ, ಧ್ವಜಗಳಲ್ಲಿ ಇದ್ದಂತೆಯೇ ಈ ಬಂದೂಕುಗಳಲ್ಲಿಯೂ ಇದೆ. ಬೆಳ್ಳಿಯ ಕಟ್ಟುಗಳ ಮೇಲೆ ಹುಲಿಯ ಮುಖಗಳಿವೆ. ನಳಿಗೆಯ ಮೇಲೆ ಹೈದರನ ಹೆಸರಿನ ಮುದ್ರೆ, ತಯಾರಾದ ಊರು, ಕೆಲವುಗಳ ಮೇಲೆ ಕುಶಲಕರ್ಮಿಯ ಹೆಸರು, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಎಂಬ ಗಣನೆಯ ವರ್ಷ ಇವೆಲ್ಲವೂ ಕಾಣುತ್ತವೆ. ಅಂಕಿಗಳನ್ನು ರೂಢಿಗೆ ವಿರುದ್ಧವಾಗಿ ಬಲದಿಂದ ಎಡಕ್ಕೆ ಓದಬೇಕೆಂಬುದೂ ಅವನದೇ ಕಟ್ಟಳೆ. ಒಂದು ಪಿಸ್ತೂಲನ್ನು ಕೈಗೆತ್ತಿಕೊಂಡರೆ ಅದು ಯಾರದು, ಎಲ್ಲಿಯದು, ಯಾವ ವರ್ಷದ್ದು ಎಂಬುದನ್ನು ಅದೇ ಹೇಳುತ್ತದೆ.

ಇದಕ್ಕಿಂತಲೂ ನಮ್ಮ ವಿಚಾರಕ್ಕೆ ಹತ್ತಿರವಾದದ್ದು ಇನ್ನೊಂದಿದೆ. ಆ ಕಾಲದ ಪಿಸ್ತೂಲು ಚಕಮಕಿಯದು. ಕುದುರೆಯ ಬಾಯಲ್ಲಿ ಕಚ್ಚಿಸಿದ ಬೆಣಚುಕಲ್ಲು ಉಕ್ಕಿನ ತುಂಡಿಗೆ ಬಡಿದು ಕಿಡಿ ಹಾರಿಸಿದಾಗ ಬಟ್ಟಲಿನ ಮದ್ದು ಹೊತ್ತಿಕೊಂಡು, ಕಿವಿಯ ಮೂಲಕ ಬೆಂಕಿ ನಳಿಗೆಯೊಳಕ್ಕೆ ಹೋಗುತ್ತದೆ. ಈ ಯಂತ್ರವನ್ನು ಲೋಕರೂಢಿಯಂತೆ ಬಲಮಗ್ಗುಲಲ್ಲಿ ಕೂಡಿಸುತ್ತಿದ್ದರು, ಬಳಸುವವರಲ್ಲಿ ಹೆಚ್ಚಿನವರು ಬಲಗೈಯವರು ಎಂಬ ಕಾರಣದಿಂದ. ಟಿಪ್ಪುವಿಗಾಗಿ ಮಾಡಿದ ಪಿಸ್ತೂಲುಗಳಲ್ಲಿ ಕೆಲವು ಜೋಡಿಗಳು ಹೀಗಿಲ್ಲ. ಜೋಡಿಯ ಒಂದು ಪಿಸ್ತೂಲಿನ ಯಂತ್ರ ಬಲಕ್ಕಿದ್ದರೆ ಇನ್ನೊಂದರದು ಎಡಕ್ಕೆ ಇದೆ. ಕನ್ನಡಿಯಲ್ಲಿ ಕಂಡ ಪ್ರತಿಬಿಂಬದಂತೆ ಒಂದಕ್ಕೊಂದು ಎದುರು. ಕುದುರೆಯ ಜೀನಿನ ಎರಡು ಮಗ್ಗುಲಿನ ಚೀಲಗಳಿಂದ ಎರಡೂ ಕೈಯಲ್ಲಿ ಒಟ್ಟಿಗೆ ಸೆಳೆಯಲು ಇದು ಅನುಕೂಲವೆಂದು ಊಹಿಸಬಹುದು. ಕಾರಣ ಏನೇ ಇರಲಿ, ಎಡಕ್ಕೆ ಯಂತ್ರವಿರುವ ಪಿಸ್ತೂಲನ್ನು ಮಾಡಬೇಕಾದರೆ ಅದರ ಒಂದೊಂದು ಬಿಡಿಭಾಗವನ್ನೂ ತಿರುಗುಮುರುಗಾಗಿ ಕಡೆಯಬೇಕು. ಇದು ಅಲಂಕಾರದ ಮಾತಲ್ಲ. ಒಬ್ಬನ ಎಡಗೈಗಾಗಿ ಕಮ್ಮಾರಸಾಲೆಯು ತನ್ನ ಅಭ್ಯಾಸವನ್ನೇ ಬದಲಿಸಿಕೊಂಡ ಮಾತು. ಮುಡಬಿಯ ಬಡಿಗನು ಶೀಸಂ ಫಲಕ ಕೆತ್ತಿದಾಗ ಮಾಡಿದ್ದೂ ಚಿಕ್ಕ ಪ್ರಮಾಣದಲ್ಲಿ ಇದನ್ನೇ.

1799ರ ಮೇ 4ರಂದು ಪಟ್ಟಣ ಬಿದ್ದಿತು. ಈ ಪಿಸ್ತೂಲುಗಳು ಗೆದ್ದವರ ಪಾಲಾಗಿ ಇಂಗ್ಲೆಂಡಿನ ಅರಮನೆ, ಮಹಲುಗಳನ್ನು ಸೇರಿದವು. ವಿಗಿಂಗ್ಟನ್ನರ ಸಂಗ್ರಹ 2015ರಲ್ಲಿ ಲಂಡನ್ನಿನಲ್ಲಿ ಹರಾಜಾಯಿತು. ಒಡೆಯನ ಗುರುತು ಇಷ್ಟು ಆಳವಾಗಿ ಇರುವುದರಿಂದಲೇ ಅವುಗಳಿಗೆ ಅಷ್ಟು ಬೆಲೆ ಬಂದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಬೀದರದವರಾದ ನಮಗೆ ಒಂದು ಮಾತನ್ನು ಸೇರಿಸುವ ಆಸೆ. ಲೋಹದಲ್ಲಿ ಬೆಳ್ಳಿಯನ್ನು ಹುದುಗಿಸುವ ಕೆಲಸವೆಂದರೆ ನಮ್ಮ ಬಿದರಿಯೇ ನೆನಪಾಗುತ್ತದೆ. ಆಯುಧಗಳ ಮೇಲಿನ ಬೆಳ್ಳಿಯ ಕೆಲಸವೂ ಅದೇ ಎಂದು ಭಾವಿಸುವವರುಂಟು. ಅದು ಸರಿಯಲ್ಲ. ಬಿದರಿಯ ಲೋಹದಲ್ಲಿ ಬಹುಪಾಲು ಸತುವು, ಸ್ವಲ್ಪ ತಾಮ್ರ. ಕೋಟೆಯ ಮಣ್ಣು ಮತ್ತು ನವಸಾಗರದಿಂದ ಅದಕ್ಕೆ ಕಪ್ಪು ಬರುತ್ತದೆ. ಹುಕ್ಕಾಬುರುಡೆಗೆ ಅದು ಒಪ್ಪುತ್ತದೆ. ಮದ್ದಿನ ಒತ್ತಡವನ್ನು ಅದು ತಾಳಲಾರದು. ನಳಿಗೆಗೂ ಯಂತ್ರಕ್ಕೂ ಕಬ್ಬಿಣ, ಉಕ್ಕುಗಳೇ ಆಗಬೇಕು. ಉಕ್ಕಿನ ಮೇಲೆ ಮೈಯನ್ನು ಗೀರುಮಾಡಿ ಚಿನ್ನ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವ ಕೋಫ್ತಗಾರಿ ಬೇರೆಯೇ ಒಂದು ವಿದ್ಯೆ.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕೈಬಂದೂಕಿನ ಸ್ವರೂಪವೇ ಬದಲಾಯಿತು. ಅಮೆರಿಕದ ಸ್ಯಾಮುಯೆಲ್ ಕೋಲ್ಟ್ 1836ರಲ್ಲಿ ತನ್ನ ದೇಶದಲ್ಲಿ ಹಕ್ಕುಪತ್ರ ಪಡೆದ, ತಿರುಗುವ ಉರುಳೆಯ ಪಿಸ್ತೂಲು, ಅಂದರೆ ರಿವಾಲ್ವರು, ಯಂತ್ರಗಳಿಂದ ಸಾವಿರಗಟ್ಟಲೆ ತಯಾರಾಗತೊಡಗಿತು. ಇಂಗ್ಲೆಂಡಿನ ಆಡಮ್ಸ್ ಎಂಬಾತನು 1851ರಲ್ಲಿ ಚೌಕಟ್ಟನ್ನೂ ನಳಿಗೆಯನ್ನೂ ಒಂದೇ ತುಂಡಾಗಿ ಬಡಿದು ಮಾಡಿ ಅದನ್ನು ಇನ್ನಷ್ಟು ಗಟ್ಟಿಗೊಳಿಸಿದನು. ಇಂಥ ಆಯುಧದಲ್ಲಿ ಒಡೆಯನ ಇಚ್ಛೆಗೆ ಉಳಿದ ಜಾಗ ಕಡಿಮೆ. ಚೌಕಟ್ಟು, ಉರುಳೆ, ನಳಿಗೆ ಕಾರ್ಖಾನೆಯವು. ಒಡೆಯನು ಬದಲಿಸಬಲ್ಲದ್ದು ಹಿಡಿಯ ಫಲಕಗಳನ್ನು, ಹೆಚ್ಚೆಂದರೆ ಮೇಲಿನ ಕೆತ್ತನೆಯನ್ನು. ಹುಲಿಯ ಮುಖವಿದ್ದ ಜಾಗಕ್ಕೆ ಕ್ರಮಸಂಖ್ಯೆ ಬಂದಿತು.

ಹೆಚ್ಚುಕಡಿಮೆ ಇದೇ ಹೊತ್ತಿಗೆ ಸರಕಾರವೂ ಆಯುಧಗಳನ್ನು ಲೆಕ್ಕಮಾಡಲು ತೊಡಗಿತು. 1857ರ ದಂಗೆಯಾದೊಡನೆ ಕಂಪನಿ ಸರಕಾರವು ಆಯುಧಗಳನ್ನು ದಾಖಲೆಮಾಡಿಸಿ ಅನುಮತಿ ಪಡೆಯಬೇಕೆಂದು ವಿಧಿಸಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಇದನ್ನು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನೂ 14ರಂದು ಹಲಗಲಿಯಲ್ಲಿ 6 ಜನರನ್ನೂ ಗಲ್ಲಿಗೇರಿಸಿದರು. ಈ ಪ್ರಸಂಗದ ಲಾವಣಿಯನ್ನು ಫ್ಲೀಟರು ಸಂಗ್ರಹಿಸಿ ಪ್ರಕಟಿಸಿದ್ದರಿಂದ ಕನ್ನಡಿಗರೆಲ್ಲರಿಗೂ ಅದು ಪರಿಚಿತವಾಗಿದೆ. ಬೇಡರ ಸಿಟ್ಟನ್ನು ಕೇವಲ ಮೊಂಡುತನವೆಂದು ತಳ್ಳಿಹಾಕುವಂತಿಲ್ಲ. ತಂದೆಯಿಂದ ಮಗನಿಗೆ ಬಂದ ವಸ್ತುವನ್ನು ಚಾವಡಿಗೆ ಹೋಗಿ ಬರೆಸಿ, ಇನ್ನೊಬ್ಬನ ಅನುಮತಿಯಿಂದ ಇಟ್ಟುಕೊಳ್ಳುವುದೆಂದರೆ ಅದರ ಒಡೆತನವೇ ಕೈತಪ್ಪಿದಂತೆ ಎಂಬುದು ಅವರ ತಿಳಿವಳಿಕೆಯಾಗಿತ್ತು. ಆ ತಿಳಿವಳಿಕೆಯಲ್ಲಿ ಸತ್ಯಾಂಶವಿತ್ತು.

ನಿಜಾಮನ ರಾಜ್ಯಕ್ಕೆ ಸೇರಿದ್ದ ಸುರಪುರದಲ್ಲಿ ಮರುವರ್ಷ ನಡೆದದ್ದು ಇನ್ನೂ ವಿಷಾದಕರ. ರಾಜಾ ವೆಂಕಟಪ್ಪನಾಯಕನು 1858ರ ಫೆಬ್ರವರಿಯಲ್ಲಿ ದಂಗೆಯೆದ್ದು ಸೋತು ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಅವನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತವನ್ನು ನಡೆಸಿದ್ದ ಮೆಡೋಸ್ ಟೇಲರನನ್ನು ಅವನು ಅಪ್ಪಾ ಎಂದೇ ಕರೆಯುತ್ತಿದ್ದನು. ಶಿಕ್ಷೆ ಕಡಿಮೆಯಾಗಿ, ಅವನನ್ನು ಕೆಲವು ವರ್ಷ ಚೆಂಗಲ್ಪಟ್ಟಿನ ಕೋಟೆಯಲ್ಲಿ ಇಡುವುದೆಂದು ತೀರ್ಮಾನವಾಗಿತ್ತು. ದಾರಿಯ ಮೊದಲ ಬಿಡದಿಯಲ್ಲಿ ಕಾವಲಿನ ಅಧಿಕಾರಿಯು ರಿವಾಲ್ವರಿದ್ದ ನಡುಪಟ್ಟಿಯನ್ನು ಬಿಚ್ಚಿ ಕುರ್ಚಿಗೆ ತಗುಲಿಹಾಕಿ ಹೊರಗೆ ಹೋದನು. ಗುಂಡಿನ ಸದ್ದು ಕೇಳಿ ಮರಳಿ ಬಂದಾಗ ರಾಜನು ಸತ್ತುಬಿದ್ದಿದ್ದನು. 1877ರಲ್ಲಿ ಅಚ್ಚಾದ ತನ್ನ ಆತ್ಮಕಥೆಯಲ್ಲಿ ಟೇಲರನು ಹೇಳುವ ಸಂಗತಿ ಇದು. ಅದು ಆಕಸ್ಮಿಕವೋ ಸ್ವಇಚ್ಛೆಯೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ನಾವು ಅದನ್ನು ತೀರ್ಮಾನಿಸಹೊರಟಿಲ್ಲ. ತನ್ನ ಆಯುಧಗಳನ್ನೆಲ್ಲ ಕಳೆದುಕೊಂಡಿದ್ದ ಅರಸನು ಕೊನೆಗೆ ಕೈಗೆತ್ತಿಕೊಂಡದ್ದು ಇನ್ನೊಬ್ಬನ ಹೆಸರಿನ ಕೈಬಂದೂಕನ್ನು ಎಂಬುದನ್ನಷ್ಟೇ ಇಲ್ಲಿ ಗಮನಿಸಬೇಕು.

ಬ್ರಿಟಿಷ್ ಇಂಡಿಯಾದಲ್ಲಿ 1878ರ ಆಯುಧ ಕಾಯಿದೆ ಬಂದಿತು. ಯುರೋಪಿಯನ್ನರಿಗೆ ಪರವಾನಗಿ ಬೇಡ, ದೇಶೀಯರಿಗೆ ಬೇಕು ಎಂಬ ಭೇದ ಅದರಲ್ಲಿ ಬಹುಕಾಲ ಇದ್ದಿತು. ಈ ಅವಮಾನ ಎಷ್ಟು ಆಳಕ್ಕೆ ನಾಟಿತ್ತೆಂದರೆ 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕೂ ಸೇರಿತ್ತು. 1950ರ ಸಂವಿಧಾನದಲ್ಲಿ ಅದು ಬರಲಿಲ್ಲ. ಅಲ್ಲಿ ಬಂದದ್ದು ಆಯುಧಗಳಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕು. ಈ ಎರಡು ದಿನಾಂಕಗಳ ನಡುವೆ ದೇಶವು ಏನನ್ನು ಕಂಡಿತೆಂಬುದಕ್ಕೆ ನಮ್ಮ ಕಲ್ಯಾಣ, ಹುಮನಾಬಾದ ಸೀಮೆಯೇ ಒಂದು ಸಾಕ್ಷಿ.

1947-48ರ ಹೈದರಾಬಾದು ಸಂಸ್ಥಾನದಲ್ಲಿ ಕಾಸಿಂ ರಜವಿಯ ರಜಾಕಾರರು ಬಹಿರಂಗವಾಗಿ ಆಯುಧ ಹಿಡಿದು ತಿರುಗಿದರು. ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವಿಮಾನಚಾಲಕನು ಕರಾಚಿಯಿಂದ ರಾತ್ರಿವೇಳೆ ವಿಮಾನಗಳಲ್ಲಿ ಶಸ್ತ್ರಾಸ್ತ್ರ ತಂದು ಇಳಿಸಿದ ನೆಲೆಗಳಲ್ಲಿ ಬೀದರವೂ ಒಂದು. ಅದಕ್ಕಾಗಿ ಅವನಿಗೆ ಇಂಗ್ಲೆಂಡಿನ ನ್ಯಾಯಾಲಯ ವಿಧಿಸಿದ ದಂಡ ಕೇವಲ 200 ಪೌಂಡು! 1948ರ ಮೇ ತಿಂಗಳಲ್ಲಿ ಕಲ್ಯಾಣಕ್ಕೆ ಸಮೀಪದ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳನ್ನು ಈ ಭಾಗದ ಜನ ಮರೆತಿಲ್ಲ. ಸೆಪ್ಟೆಂಬರ್ 13ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತದ ಸೇನೆಯು ನಳದುರ್ಗ, ಉಮರ್ಗಾ, ರಾಜೇಶ್ವರ, ಹುಮನಾಬಾದಗಳ ಹೆದ್ದಾರಿಯಲ್ಲಿ ಮುಂದುವರಿಯಿತು. 17ಕ್ಕೆ ಎಲ್ಲವೂ ಮುಗಿಯಿತು.

ಮುಗಿಯಿತೆಂಬುದು ಸೈನ್ಯದ ಲೆಕ್ಕದಲ್ಲಿ. ಅನಂತರದ ವಾರಗಳಲ್ಲಿ ಈ ಹಳ್ಳಿಗಳಲ್ಲಿ ನಡೆದ ಪ್ರತೀಕಾರವನ್ನು ವಿಚಾರಿಸಲು ಪಂಡಿತ ಸುಂದರಲಾಲರ ಸಮಿತಿ ಅದೇ ವರ್ಷದ ಕೊನೆಯಲ್ಲಿ ಪ್ರವಾಸ ಮಾಡಿತು. ಉಸ್ಮಾನಾಬಾದ, ಗುಲ್ಬರ್ಗಾ, ನಾಂದೇಡಗಳೊಡನೆ ಬೀದರವನ್ನೂ ಅದು ಹೆಚ್ಚು ಹಾನಿಗೊಳಗಾದ ನಾಲ್ಕು ಜಿಲ್ಲೆಗಳಲ್ಲಿ ಎಣಿಸಿತು. ಈ ನಾಲ್ಕರಲ್ಲಿಯೇ ಸತ್ತವರು 18,000ಕ್ಕೆ ಕಡಿಮೆಯಿಲ್ಲವೆಂದು ಅಂದಾಜು ಮಾಡಿತು. ಸತ್ತವರಲ್ಲಿ ಬಹುಪಾಲು ಮುಸ್ಲಿಮರು. ವರದಿಯು ಬಹುಕಾಲ ಹೊರಬರಲಿಲ್ಲ. ಅನೇಕ ಕಡೆ ಮುಸ್ಲಿಮರ ಆಯುಧಗಳನ್ನು ತೆಗೆದುಕೊಂಡು ಹಿಂದೂಗಳವನ್ನು ಅವರ ಬಳಿಯೇ ಬಿಟ್ಟರೆಂಬ ಸಂಗತಿಯನ್ನು ಆ ಕಾಲವನ್ನು ಅಭ್ಯಸಿಸಿದವರು ಎತ್ತಿ ಹೇಳಿದ್ದಾರೆ. ಮೊದಲು ಒಂದು ಪಕ್ಷದ ಕೈಯಲ್ಲಿ, ಅನಂತರ ಇನ್ನೊಂದು ಪಕ್ಷದ ಕೈಯಲ್ಲಿ ಆಯುಧ ಉಳಿಯಿತು. ಎರಡು ಸಲವೂ ಸತ್ತವರು ಬರಿಗೈಯವರು. ಈ ಎರಡರಲ್ಲಿ ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ನುಂಗಿಬಿಡುವ ಚರಿತ್ರೆಯನ್ನು ನಮ್ಮ ಭಾಗದಲ್ಲಿ ಸಾಕಷ್ಟು ಬರೆದಾಗಿದೆ.

ಮುಡಬಿಯ ಆ ಮನೆ ಯಾವ ಮತದವರದೆಂದು ನಾವು ಇಲ್ಲಿ ಬರೆಯುತ್ತಿಲ್ಲ. ಅದನ್ನು ತಿಳಿಯಬೇಕೆಂಬ ಕುತೂಹಲ ವಾಚಕರಿಗೆ ಹುಟ್ಟಿದರೆ, ಆ ಕುತೂಹಲವೂ 1948ರ ಒಂದು ಅವಶೇಷವೇ ಸರಿ.

ಬೀದರ ಜಿಲ್ಲೆ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಸ್ವತಂತ್ರ ದೇಶದ ಆಯುಧ ಕಾಯಿದೆ 1959ರಲ್ಲಿ ಅಂಗೀಕಾರವಾಗಿ 1962ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಗುರುತಿನ ಪ್ರಶ್ನೆಗೆ ಈ ಕಾಯಿದೆಯ ಉತ್ತರ ಸ್ಪಷ್ಟವಾಗಿದೆ. ತಯಾರಕನ ಹೆಸರು, ಸಂಖ್ಯೆ ಮೊದಲಾದ ಗುರುತುಗಳಿಲ್ಲದ ಬಂದೂಕನ್ನು ಇಟ್ಟುಕೊಳ್ಳುವಂತಿಲ್ಲ. ಆ ಗುರುತುಗಳನ್ನು ಅಳಿಸುವುದೂ ತಿದ್ದುವುದೂ ಅಪರಾಧ. ಪರವಾನಗಿಯಿಲ್ಲದೆ ನಳಿಗೆಯನ್ನು ಮೊಟಕು ಮಾಡುವುದೂ ಅಪರಾಧ. 9 ಮಿಲಿಮೀಟರಿನಂಥ ಸೈನ್ಯದ ಅಳತೆಗಳು ಜನಸಾಮಾನ್ಯರಿಗೆ ನಿಷಿದ್ಧ. ಪರವಾನಗಿಯಿದ್ದವನು ಕಾನ್ಪುರದ ಸರಕಾರಿ ಕಾರ್ಖಾನೆಯ .32 ಅಳತೆಯ ರಿವಾಲ್ವರನ್ನು ಕೊಳ್ಳಬಹುದು. 2014ರಲ್ಲಿ ಅಲ್ಲಿಂದ ಹೊರಬಂದ ನಿರ್ಭೀಕ್ ಎಂಬ ರಿವಾಲ್ವರು ಟೈಟೇನಿಯಂ ಮಿಶ್ರಲೋಹದ್ದು, ತೂಕ ಸುಮಾರು 500 ಗ್ರಾಂ. ಉಕ್ಕಿನ ಚೌಕಟ್ಟಿನ ಹಳೆಯ ದೊಡ್ಡ ಕೈಬಂದೂಕುಗಳು ಅದರ ಇಮ್ಮಡಿ ತೂಗುತ್ತಿದ್ದವು. ಭಾರ ಹೆಚ್ಚಿದಷ್ಟೂ ಗುಂಡಿನ ಹಿನ್ನೊದೆತವನ್ನು ಅದು ನುಂಗಿಕೊಳ್ಳುತ್ತದೆ. ಅದೇ ಭಾರ ದಿನವಿಡೀ ಸೊಂಟವನ್ನು ಎಳೆಯುತ್ತದೆ. 2019ರ ತಿದ್ದುಪಡಿಯಿಂದ ಒಬ್ಬನು ಹೊಂದಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಒಡೆಯನು ಸತ್ತರೆ ಬಂದೂಕು ಹೊಲಮನೆಗಳಂತೆ ಮಗನ ಕೈಗೆ ನೇರವಾಗಿ ಬರುವುದಿಲ್ಲ. ಮಗನ ಹೆಸರಿಗೆ ಪರವಾನಗಿ ಆಗುವತನಕ ಅದು ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಇರಬೇಕು.

ಕೊಡಗಿನಲ್ಲಿ ಮಾತ್ರ ಬೇರೆ ಸಂಪ್ರದಾಯ ಉಳಿದಿದೆ. 1861ರಲ್ಲಿ ಮಾರ್ಕ್ ಕಬ್ಬನ್ನನು ಕೊಡವರಿಗೆ ಕೊಟ್ಟ ವಿನಾಯಿತಿ ರೂಪಾಂತರಗಳೊಡನೆ ಇಂದಿಗೂ ನಡೆದುಬಂದಿದ್ದು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಯಿತು; 2021ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದಿನಂದು ಕೋವಿಗೆ ತೋಕ್‌ಪೂವನ್ನು ಮುಡಿಸಿ ಪೂಜಿಸುವ ಆ ಜನರಲ್ಲಿ ಕೋವಿ ಮನೆತನದ ವಸ್ತು. ಆದರೂ ವಿನಾಯಿತಿ ಇರುವುದು ಒಂದು ರೈಫಲ್ಲಿಗೆ ಮತ್ತು ಒಂದು ಕೋವಿಗೆ. ಪಿಸ್ತೂಲು, ರಿವಾಲ್ವರುಗಳು ಅದರೊಳಗೆ ಬರುವುದಿಲ್ಲ. ಬಚ್ಚಿಟ್ಟುಕೊಂಡು ಒಯ್ಯಬಹುದಾದ ಆಯುಧವನ್ನು ಯಾವ ಸರಕಾರವೂ ಸುಲಭವಾಗಿ ನಂಬುವುದಿಲ್ಲ.

ಹೀಗಾಗಿ ಇಂದು ನಮ್ಮಲ್ಲಿ ಕೈಬಂದೂಕಿನ ಒಡೆಯನಿಗೆ ಉಳಿದಿರುವುದು ಹಿಡಿಯ ಫಲಕವೊಂದೇ ಎಂದರೆ ತಪ್ಪಾಗಲಾರದು. ಅಮೆರಿಕದ ಸೈನ್ಯ 1911ರಲ್ಲಿ ಸ್ವೀಕರಿಸಿದ, ಬ್ರೌನಿಂಗನು ರಚಿಸಿದ ಉಕ್ಕಿನ ಚೌಕಟ್ಟಿನ ದೊಡ್ಡ ಪಿಸ್ತೂಲನ್ನು ಅಲ್ಲಿಯ ಒಡೆಯರು ನಳಿಗೆ, ಗುರಿಕಣ್ಣು, ಟ್ರಿಗರುಗಳ ಸಮೇತ ತಮಗೆ ಬೇಕಾದಂತೆ ಬದಲಿಸಿಕೊಳ್ಳುವ ವಾಡಿಕೆಯಿದೆ; ಅದಕ್ಕೇ ಮೀಸಲಾದ ಕುಶಲಕರ್ಮಿಗಳಿದ್ದಾರೆ. ಅಲ್ಲಿಯೂ ಮೊದಲು ಬದಲಾಗುವುದು ತಿರುಪುಮೊಳೆ ಬಿಚ್ಚಿದರೆ ಕೈಗೆ ಬರುವ ಹಿಡಿಯ ಫಲಕಗಳೇ. ಮುಡಬಿಯ ಹಿರಿಯರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಾರರು.

ನಾವು ಫಲಕಗಳ ಅಳತೆಯನ್ನು ಬರೆದುಕೊಂಡೆವು. ಉದ್ದಗಲಗಳನ್ನು ಕಾಗದದ ಮೇಲೆ ಗೆರೆಯೆಳೆದು ಗುರುತಿಸಿಕೊಂಡೆವು. ಅವುಗಳ ಒಳಮೈಯಲ್ಲಿ ಸಂಖ್ಯೆಯಾಗಲಿ ಹೆಸರಾಗಲಿ ಕಾಣಲಿಲ್ಲ. ಅವನ್ನು ಬೀದರದ ವಸ್ತುಸಂಗ್ರಹಾಲಯಕ್ಕೆ ಕೊಡಬಾರದೇ ಎಂದು ಕೇಳಿದೆವು. ಮನೆಯ ಹಿರಿಯ ಹೆಣ್ಣುಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದರ ಜೋಡಿ ಇನ್ನೂ ಎಲ್ಲೋ ಸರಕಾರದ ಹಂತ್ಯಾಕ ಅದ, ಬಂದರ ಬೇಕಾಗ್ತಾವ,” ಎಂದು ಹೇಳಿ ಫಲಕಗಳನ್ನು ಚರ್ಮದ ಚೀಲದೊಳಗೆ ಇಟ್ಟು ಗಂಟು ಕಟ್ಟಿದರು.